ಹದಿನೆಂಟು ಸಾವಿರದ ಕಿವಿ

ಕರೆಂಟು ಹೋಗಬಹುದಿತ್ತು. ಹೋಗಿದ್ದು ಒಮ್ಮೆಲೇ ಜೋರಾಗಿ ಬಂದು, ಆ ಪೆಟ್ಟಿಗೆಯೊಳಗೆ ಏನೋ ಸಿಡಿದು, ಹೆಡ್‌ಫೋನಿನ ತಂತಿಯುದ್ದಕ್ಕೂ ಓಡಿ ಒಬ್ಬ ಜೀವಂತ ಮನುಷ್ಯನ ತಲೆಗೆ ಹೊಡೆಯಬಹುದಿತ್ತು. ಬೆವರಿದ ನನ್ನ ಬೆರಳು ಜಾರಿ, ಸದ್ದಿನ ತಿರುಪು ಒಂದರಿಂದ ಹತ್ತಕ್ಕೆ ಹಾರಿ, ಅವರ ಕಿವಿಯ ತಮಟೆ ಹರಿಯಬಹುದಿತ್ತು. ದೇಶದ ರಕ್ಷಣೆಗೆ ಧಕ್ಕೆ ತಂದ ಬ್ಯಾಂಕ್ ಅಧಿಕಾರಿ ಎಂದು ನನ್ನ ಮೇಲೆ ಕೇಸು ಆಗಬಹುದಿತ್ತು. ಪಕ್ಕದ ಮನೆಯ ಮಿಕ್ಸಿ, ತಲೆಯ ಮೇಲಿನ ಫ್ಯಾನು, ಬಂದರಿನ ಕಡೆಯಿಂದ ಬರುವ ಹಡಗಿನ ಕೂಗು, ಇವುಗಳಲ್ಲಿ ಯಾವುದಾದರೂ ನಡುವೆ ನುಗ್ಗಿ ಪರೀಕ್ಷೆ ಕೆಡಬಹುದಿತ್ತು. ಅವರ ಹೆಂಡತಿ ಬೇಕೆಂದೇ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಬಹುದಿತ್ತು. ನನ್ನ ಕೈ ಆಡುವುದು ಅವರ ಕಣ್ಣಿಗೆ ಬೀಳಬಹುದಿತ್ತು. ಅದಕ್ಕೇ ಗೋಡೆಗೆ ಮುಖ ಮಾಡಿ ಕೂರಿಸಿದೆ. ಗೋಡೆಯ ಮೇಲಿದ್ದ ದೇವರ ಪಟದ ಗಾಜಿನಲ್ಲಿ ಕೈ ಕಾಣಬಹುದಿತ್ತು. ಅದಕ್ಕೆ ಟವೆಲ್ ಹೊದಿಸಿದೆ. ದೇವರಿಗೆ ಟವೆಲ್ ಹೊದಿಸಿದ್ದರಿಂದ ಬೇರೆ ಏನಾದರೂ ಆಗಬಹುದು ಎಂಬ ಹೆದರಿಕೆ ಅದರ ಬೆನ್ನಿಗೇ ಬಂತು. ಬರೆದುಕೊಳ್ಳುವಾಗ ನಾನೇ ಹತ್ತು ಸಾವಿರವನ್ನು ಹನ್ನೆರಡು ಸಾವಿರ ಎಂದು ಗೀಚಬಹುದಿತ್ತು.

ಇದ್ಯಾವುದೂ ಆಗಲಿಲ್ಲ. ಎರಡು ವರ್ಷ, ಅವರು ಸಮುದ್ರದ ಮೇಲೆ ಇಲ್ಲದ ಪ್ರತಿ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಆ ಕಿವಿ ಪರೀಕ್ಷೆ ನಡೆಸಿದೆವು. ಯಾವುದೂ ಆಗಲಿಲ್ಲ ಎನ್ನುವುದೇ ನನ್ನ ಹೆಮ್ಮೆಯಾಗಿತ್ತು. ಜೀವಮಾನದಲ್ಲಿ ನಾನು ಜವಾಬ್ದಾರಿಯಿಂದ ಮಾಡಿದ ಕೆಲಸ ಯಾವುದು ಎಂದು ಯಾರಾದರೂ ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಹೋದ ತಿಂಗಳು ಅವರು, ನಾನು ಚೀಫ್ ಎಂದು ಕರೆಯುತ್ತಿದ್ದವರು, ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇಲ್ಲೇ ವಿಜಯವಾಡದ ಪಟಮಟದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಇದನ್ನು ಅವರು ಓದದಿರಲಿ ಎಂಬುದು ನನ್ನ ಸದ್ಯದ ಮುಖ್ಯ ಚಿಂತೆ.

ಎಂಬತ್ತರ ದಶಕದ ನಡುವೆ ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು. ತುಮಕೂರಿನಿಂದ ಅಲ್ಲಿಗೆ ಹೋಗುವಾಗ ಚಂಡಮಾರುತದ ಬಗ್ಗೆ ಎಷ್ಟು ಓದಿಕೊಂಡಿದ್ದೆನೆಂದರೆ, ಸಮುದ್ರ ಕಾಣುವ ಮನೆಯೇ ಬೇಡ ಎಂದು ಹಟ ಹಿಡಿದು ಮರ್ರಿಪಾಲೆಂನಲ್ಲಿ ಒಂದು ಕಾಂಪೌಂಡಿನ ಹಿಂದಿನ ಮನೆ ಹಿಡಿದೆ. ಮುಂದಿನ ಮನೆಯಲ್ಲಿ ಅವರಿದ್ದರು. ನೌಕಾಪಡೆಯಲ್ಲಿ ಚೀಫ್ ಪೆಟಿ ಆಫೀಸರ್, ಊರು ಬಾಗಲಕೋಟೆಯ ಕಡೆ. ಸಾಮಾನಿನ ಲಾರಿಯಿಂದ ನನ್ನ ಹೆಂಡತಿ ಇಳಿಯುವಾಗ "ಅಯ್ಯೋ, ಮೆತ್ತಗೆ ಇಳಿಸ್ರಪ್ಪಾ" ಎಂದದ್ದೇ ತಡ, ಗೇಟಿನ ಒಳಗಿಂದ ಲುಂಗಿಯ ಮೇಲೆ ಬನಿಯನ್ನು ತೊಟ್ಟ ಗಟ್ಟಿಮುಟ್ಟಾದ ಆಸಾಮಿ ಓಡಿ ಬಂದರು.

"ಕನ್ನಡದಾವ್ರೇನ್ರಿ? ಬರ್ರಿ, ಬರ್ರಿ. ಆ ಟ್ರಂಕ್ ನನ್ ಕಡೆ ಕೊಡ್ರಿ. ಬ್ಯಾಂಕ್ ಮ್ಯಾನೇಜರ್ರೇನ್ರಿ?"

"ಮ್ಯಾನೇಜರ್ ಅಲ್ಲ, ಬರೀ ಆಫೀಸರ್ರು. ಕೆಳಗಿಂದ ಎರಡನೆಯವನು" ಎಂದೆ.

"ಇರ್ಲಿ ಬಿಡ್ರಿ, ಮ್ಯಾನೇಜರ್ರಽ ಅಂತೀನಿ. ಒಂದಿನ ಆಗ್ತೀರಲ್ಲ." ಕೊನೆಯ ತನಕ ಹಾಗೆಯೇ ಕರೆದರು. ನಾನು ಆಗಲಿಲ್ಲ.

ಅವರ ಕೆಲಸ ನೀರಿನೊಳಗಿನ ಸದ್ದು ಕೇಳುವುದು. ಹಡಗಿನ ಹೊಟ್ಟೆಯೊಳಗೆ ಒಂದು ಕತ್ತಲೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ತಾಸುಗಟ್ಟಲೆ ಕೂರಬೇಕು. ಮೀನಿನ ಹಿಂಡು, ದೂರದ ಇನ್ನೊಂದು ಹಡಗಿನ ನೀರು ಕಡೆಯುವ ರೆಕ್ಕೆ, ಬಂಡೆ, ಎಲ್ಲಕ್ಕೂ ಬೇರೆ ಬೇರೆ ಸದ್ದು. "ಏನರ ಕೇಳಿಸ್ತು ಅಂದ್ರ ಹೇಳಿಬಿಡಬೇಕ್ರಿ. ಅದು ಏನು ಅಂತ ಆಮ್ಯಾಲೆ ನೋಡೋಣು. ಮೊದಲು 'ಏನೋ ಐತಿ' ಅನ್ನಬೇಕು. ಅಷ್ಟಽ ನಮ್ಮ ವಿದ್ಯಾ" ಎನ್ನುತ್ತಿದ್ದರು.

ಆ ವಿದ್ಯೆಯನ್ನು ಅವರು ಮನೆಗೂ ತರುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ ನಿಂತು ನನ್ನ ಹೆಂಡತಿಗೆ, "ಅಕ್ಕಾರ, ನಿಮ್ಮ ಕುಕ್ಕರಿನ ವಾಷರ್ ಎರಡು ದಿನಕ್ಕ ಹೋಗ್ತದ ನೋಡ್ರಿ" ಎಂದರು. ಮೂರನೆಯ ದಿನ ಹೋಯಿತು. ಒಂದು ದಿನ ತಪ್ಪಿದ್ದಕ್ಕೆ ಅವರಿಗೆ ಬೇಜಾರಾಯಿತು. ಟ್ಯೂಬ್‌ಲೈಟ್ ಹೊತ್ತುವ ಮೊದಲೇ ಅದರ ಚೋಕ್ ಕೆಟ್ಟಿದೆ ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಆಟ ಟಿವಿಯದು. ಹಳೆಯ ಟಿವಿಗಳ ಒಳಗಿಂದ, ಸದ್ದನ್ನು ಪೂರ್ತಿ ಕಡಿಮೆ ಮಾಡಿದರೂ, 'ಕೀ' ಎಂದು ದಾರದಷ್ಟು ಸಣ್ಣ ದನಿಯೊಂದು ಬರುತ್ತಿತ್ತಂತೆ. ನನಗೆ ಯಾವತ್ತೂ ಕೇಳಿಸಿಲ್ಲ. ಮಕ್ಕಳಿಗೆ ಕೇಳಿಸುತ್ತದೆ, ದೊಡ್ಡವರಿಗೆ ಬರಬರುತ್ತಾ ಹೋಗಿಬಿಡುತ್ತದೆ ಎಂದು ಅವರೇ ಹೇಳಿದ್ದರು. ಅವರು ಬೀದಿಯಲ್ಲಿ ನಡೆಯುತ್ತಾ ಯಾರ ಮನೆಯಲ್ಲಿ ಟಿವಿ ಹಚ್ಚಿದೆ, ಯಾರ ಮನೆಯಲ್ಲಿ ಇಲ್ಲ ಎಂದು ಬಾಗಿಲ ಹೊರಗಿನಿಂದಲೇ ಹೇಳುತ್ತಿದ್ದರು. ಅವರ ಎಂಟು ವರ್ಷದ ಮಗಳು ಓಡಿಹೋಗಿ ಇಣುಕಿ ನೋಡಿ, ತಂದೆ ಗೆದ್ದರೆ ಕುಣಿಯುತ್ತಿದ್ದಳು.

"ಕಿವಿಗೆ ರೆಪ್ಪಿ ಇಲ್ಲ ನೋಡ್ರಿ ಮ್ಯಾನೇಜರ್ರ. ದೇವರು ಕಣ್ಣಿಗೆ ಕೊಟ್ಟ, ಕಿವಿಗೆ ಕೊಡ್ಲಿಲ್ಲ. ಯಾಕಂದ್ರ ಕಿವಿ ಯಾವತ್ತೂ ಡ್ಯೂಟಿ ಮ್ಯಾಲಽ ಇರಬೇಕು."

ಆ ಡ್ಯೂಟಿ ತಪ್ಪಿದ್ದು ಒಂದು ಸಂಜೆ. ಮಗಳು ಟಿವಿ ಹಚ್ಚಿ ಸದ್ದು ಕಡಿಮೆ ಮಾಡಿ, ಅಂಗಳದಲ್ಲಿ ನನ್ನ ಜೊತೆ ಕೂತಿದ್ದ ತಂದೆಯನ್ನು ಎಂದಿನಂತೆ ಕೇಳಿದಳು. ಅವರು ಕ್ಷಣ ತಡೆದು, "ಬಂದ್ ಐತಿ" ಎಂದರು.

"ಕಾದು ನಾನ್ನಾ, ಆನ್‌ಲೋನೇ ಉಂದಿ!" ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ಅವಳಿಗೆ ತೆಲುಗೇ ಬಾಯಿಗೆ ಬರುವುದು. ಹಚ್ಚಿಯೇ ಇದೆ ಎಂದಳು. ಎದ್ದು ಹೋಗಿ ನೋಡಿದರು. ಹಚ್ಚಿತ್ತು. ಟಿವಿಯ ಮುಂದೆ ಕೂತು ಒಂದು ಕಿವಿ, ಆಮೇಲೆ ಇನ್ನೊಂದು ಕಿವಿ ಅದಕ್ಕೆ ಹತ್ತಿರ ಹಿಡಿದರು. ಪರದೆಯ ಮೇಲೆ ಯಾರೋ ಭತ್ತದ ತಳಿಯ ಬಗ್ಗೆ ಬಾಯಿ ಆಡಿಸುತ್ತಿದ್ದರು. ಹೊರಗೆ ಬಂದಾಗ ಅವರ ಮುಖದಲ್ಲಿ ಕಂಡದ್ದನ್ನು ನಾನು ಕೌಂಟರಿನ ಆಚೆ ನಿಂತ ಜನರ ಮುಖದಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಇದ್ದದ್ದು ಇಲ್ಲ ಎಂದು ಆಗಷ್ಟೇ ತಿಳಿದವರ ಮುಖ ಅದು.

ಅವರ ಹೆಂಡತಿಗೆ ಮಾತ್ರ ಒಳಗೊಳಗೇ ಸಮಾಧಾನವಾಯಿತು. ಅದನ್ನು ಮುಚ್ಚಿಡಲೂ ಇಲ್ಲ. "ಸಮುದ್ರ ಸಾಕು ಅಂತ ಹತ್ತ ವರ್ಷದಿಂದ ಬಡಕೊಳ್ಳಾಕತ್ತೀನಿ, ಅಣ್ಣಾರ. ಗುಂಡು ಹಾರಸೂದು, ಇಂಜಿನ್ನು, ದಿನಾ ಕಿವಿಗೆ ಅದೊಂದು ಕಟಗೊಂಡು ಕೂಡೂದು. ಉಳಿದಷ್ಟರ ಉಳೀಲಿ, ದಂಡಿ ಮ್ಯಾಲೆ ಕೆಲಸಾ ಕೊಡ್ರಿ ಅಂತ ಕೇಳಾಕ ಏನು ಕಷ್ಟ?"

"ಬಾಯಿ ಮುಚ್ಚ. ಉಗ್ರಾಣದಾಗ ಕುಂತು ಬಕೀಟು ಎಣಿಸಲೇನು?"

ಜಗಳ ರೊಟ್ಟಿಯ ತಾಟಿನ ಮುಂದೆ ನಡೆಯಿತು. ನಾನು ಮೊಸರು ವಾಪಸು ಕೊಡಲು ಹೋಗಿ ಸಿಕ್ಕಿಕೊಂಡಿದ್ದೆ. ಕೊನೆಗೆ ಅವರು ರೊಟ್ಟಿಯ ಮೇಲೆ ಕೈಯಿಟ್ಟರು. "ಈ ರೊಟ್ಟಿ ಆಣಿ. ಹನ್ನೆರಡು ಸಾವಿರಕ್ಕಿಂತ ಕೆಳಗ ಬಂತಂದ್ರ, ನಾನಽ ಡಾಕ್ಟರ್ ಕಡೆ ಹೋಗಿ ಕಿವಿ ಸೋತಾವು ಅಂತ ಹೇಳಿ ದಂಡಿಗೆ ಬರ್ತೀನಿ. ಮ್ಯಾನೇಜರ್ರು ಸಾಕ್ಷಿ."

ಹನ್ನೆರಡು ಸಾವಿರ ಎಂದರೆ ಸೆಕೆಂಡಿಗೆ ಅಷ್ಟು ಕಂಪನದ ದನಿ ಎಂದು ನನಗೆ ಆಮೇಲೆ ಬಿಡಿಸಿ ಹೇಳಿದರು. ಡಾಕ್ಟರು ವರ್ಷಕ್ಕೊಮ್ಮೆ ನೋಡುವುದು ಎಂಟು ಸಾವಿರದ ತನಕ ಮಾತ್ರ. ಮನುಷ್ಯರ ಮಾತಿಗೆ ಅದಕ್ಕಿಂತ ಮೇಲಿನದು ಬೇಕಿಲ್ಲ. "ಆದರ ಕಿವಿ ತಾಳೀ ಮರ ಇದ್ದಂಗ್ರಿ, ಸುಳಿಯಿಂದ ಸಾಯ್ತದ. ಮ್ಯಾಲಿಂದು ಮೊದಲು ಹೋಗೂದು. ಮ್ಯಾಲೆ ಕಾವಲು ಇಟ್ರ ಕೆಳಗಿಂದು ಉಳಸಬಹುದು." ಎಷ್ಟು ಸರಿಯಾದ ಮಾತು. ಈಗ ನೆನೆದರೂ ಅದರಲ್ಲಿ ಒಂದು ತಪ್ಪು ಸಿಗುವುದಿಲ್ಲ.

ಡಾಬಾ ಗಾರ್ಡನ್ಸ್‌ನ ಒಬ್ಬ ರೇಡಿಯೋ ರಿಪೇರಿಯವನಿಂದ ಪೆಟ್ಟಿಗೆ ಮಾಡಿಸಿದರು. ಊಟದ ಡಬ್ಬಿಯಷ್ಟು ದೊಡ್ಡದು. ಒಂದು ತಿರುಪು ದನಿಯ ಎತ್ತರಕ್ಕೆ, ಇನ್ನೊಂದು ಅದರ ಜೋರಿಗೆ, ನಡುವೆ ಒಂದು ಸ್ವಿಚ್ಚು. ಮನೆಬಾಗಿಲಿಗೆ ಹಾಕುವ ಕಾಲಿಂಗ್ ಬೆಲ್ಲಿನ ಸ್ವಿಚ್ಚೇ ಅದು, ಬೇರೆ ಸಿಗಲಿಲ್ಲವಂತೆ. ಒತ್ತಿ ಹಿಡಿದರೆ ಹೆಡ್‌ಫೋನಿನಲ್ಲಿ ದನಿ, ಬಿಟ್ಟರೆ ಇಲ್ಲ. ಕೇಳಿದಾಗ ಬೆರಳು ಎತ್ತಬೇಕು, ನಿಂತಾಗ ಇಳಿಸಬೇಕು. ಪೆಟ್ಟಿಗೆಯ ಹಿಂದೆ ಕೂರುವ ಕೆಲಸ ನನ್ನ ಪಾಲಿಗೆ ಬಂತು.

"ನಿಮ್ಮ ಮನೆಯವ್ರೇ ಮಾಡ್ಬಹುದಲ್ಲಾ ಚೀಫ್?" ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಆಕಿ ಕೈಯಾಗ ಕೊಟ್ರ ಮೊದಲನೇ ದಿನಾನಽ ನನ್ನ ಕಿವುಡನ್ನ ಮಾಡಿಬಿಡ್ತಾಳ. ನೀವು ಹೆದರಪುಕ್ಕ ಮನಷ್ಯಾರು. ಹೆದರವ್ರು ಮೋಸಾ ಮಾಡಂಗಿಲ್ಲ."

ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮೊದಲ ಭಾನುವಾರ. ಎಂಟು ಸಾವಿರ: ಬೆರಳು ಎದ್ದಿತು. ಹತ್ತು: ಎದ್ದಿತು. ಹನ್ನೆರಡಕ್ಕೆ ಕೈಯನ್ನು ಅಂಗಿಗೆ ಒರೆಸಿಕೊಂಡು ಒತ್ತಿದೆ. ಎದ್ದಿತು. ಹದಿನಾಲ್ಕು, ಹದಿನಾರು. ತಿರುಪು ಕೊನೆಗೆ ಮುಟ್ಟಿ ನಿಂತದ್ದು ಹದಿನೆಂಟು ಸಾವಿರದಲ್ಲಿ. ಒತ್ತಿದೆ. ಗೋಡೆಗೆ ಮುಖ ಮಾಡಿ ಕೂತ ಆ ನಲವತ್ತರ ಮನುಷ್ಯನ ತೋರುಬೆರಳು, ಒಂದಿಷ್ಟೂ ಅನುಮಾನವಿಲ್ಲದೆ, ಮೇಲೆ ಬಂತು.

ಅವರು ಊಹಿಸಿ ಎತ್ತುತ್ತಿರಬಹುದೆ ಎಂಬ ಚಿಂತೆ ನನಗೆ ಬರದೆ ಇರುತ್ತದೆಯೆ? ಒತ್ತದೆ ಸುಮ್ಮನೆ ಕೂತು ನೋಡಿದೆ. ಒಂದು ನಿಮಿಷ, ಎರಡು ನಿಮಿಷ. ಬೆರಳು ಕದಲಲಿಲ್ಲ. ಒತ್ತಿದೆ, ಎದ್ದಿತು. ಮೂರು ಸಲ ಬೇಗ ಬೇಗ ಒತ್ತಿದೆ, ಮೂರು ಸಲ ಎದ್ದಿತು. ಇಷ್ಟು ಕಟ್ಟುನಿಟ್ಟಾಗಿ ನಾನು ನನಗೆ ಹೆಣ್ಣು ನೋಡಲು ಹೋದಾಗಲೂ ವಿಚಾರಿಸಿರಲಿಲ್ಲ.

"ಹ್ಯಾಗಿರುತ್ತೆ ಚೀಫ್, ಆ ಹದಿನೆಂಟು ಸಾವಿರದ್ದು?"

"ದನಿ ಅಂತ ಅನ್ನಾಕ ಬರಂಗಿಲ್ರಿ. ಸೂಜಿ ಮುಟ್ಟಿಸಿ ತಗದಂಗ. ಆದರ ಐತಿ. ಬೇಕಾದ್ರ ನೀವೂ ಒಮ್ಮೆ ಹಾಕ್ಕೊಂಡು ಕೇಳ್ರಿ."

ನಾನು ಹಾಕಿಕೊಳ್ಳಲಿಲ್ಲ. ನನಗೆ ಎಂಟು ಸಾವಿರವೇ ಕೇಳಿಸದಿದ್ದರೆ? ಆಮೇಲೆ ನಾನು ಯಾವ ಡಾಕ್ಟರ ಬಳಿಗೆ ಓಡಲಿ? ಗೊತ್ತಾಗದಿರುವ ತನಕ ಕಾಯಿಲೆ ಇಲ್ಲ ಎಂಬ ತತ್ವದ ಮೇಲೆ ನಾನು ಈ ವಯಸ್ಸಿನ ತನಕ ಬದುಕಿದ್ದೇನೆ. ಮಗಳು "ನೇನು, ನೇನು" ಎಂದು ಕೈ ಚಾಚಿದಾಗ, "ಇದು ಆಟದ್ದಲ್ಲವ್ವಾ" ಎಂದು ಅವರು ಹೆಡ್‌ಫೋನನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು.

"ಹಾಗಾದ್ರೆ ಅವತ್ತು ಟಿವಿದು?" ಎಂದು ಕೇಳಿದೆ.

"ಅವತ್ತ ನೆಗಡಿ ಇತ್ತಲ್ರಿ" ಎಂದರು. ಇತ್ತೇನೋ ಎಂದು ನಾನೂ ಒಪ್ಪಿದೆ. ಆಮೇಲೆ ಅವರು ಟಿವಿಯ ಆಟ ಆಡಲಿಲ್ಲ. ಪೆಟ್ಟಿಗೆ ಬಂದ ಮೇಲೆ ಅದರ ಅಗತ್ಯವೂ ಇರಲಿಲ್ಲ.

ಹಾಗೆ ಎರಡು ವರ್ಷ. ಬಳಸದ ಚಲನ್‌ಗಳ ಬೆನ್ನಿನ ಮೇಲೆ ನಾನು ಬರೆದಿಟ್ಟ ಫಲಿತಾಂಶಗಳೆಲ್ಲ ಒಂದೇ: ಹದಿನೆಂಟು. ಎರಡನೆಯ ವರ್ಷದ ಕೊನೆಗೆ ನೌಕಾಪಡೆಯ ಡಾಕ್ಟರು, ಕಿವಿ ಪಾಸು-ಫೇಲಿನ ಅಂಚಿಗೆ ಬಂದಿದೆ, ಸ್ವಲ್ಪ ದಿನ ಸದ್ದಿನಿಂದ ದೂರ ಇರುವುದಾದರೆ ಬರೆದುಕೊಡುತ್ತೇನೆ ಎಂದರಂತೆ. ಚೀಫ್ ಬಂದು ನನ್ನೆದುರು ನಕ್ಕರು. ಆಣೆ ಮುರಿಯುವ ಮನುಷ್ಯ ಅವರಲ್ಲ. ಹನ್ನೆರಡಕ್ಕಿಂತ ಕೆಳಗೆ ಬಂದಿದ್ದರೆ ಆ ಸಂಜೆಯೇ ಹೋಗಿ ಒಪ್ಪಿಕೊಳ್ಳುತ್ತಿದ್ದರು. ಮತ್ತೊಮ್ಮೆ ನೋಡೋಣ ಎಂದರು, ನೋಡಿದೆವು. ಹದಿನೆಂಟು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಖರೇನಽ ಅಣ್ಣಾರ?" ಎಂದು ಕೇಳಿದರು.

"ಖಂಡಿತ ಅಕ್ಕಾ. ನಾನೇ ಒತ್ತಿದ್ದು" ಎಂದೆ.

ಚೀಫ್ ಮತ್ತೆ ಹಡಗು ಹತ್ತಿದರು. ನನ್ನನ್ನು ವಿಜಯವಾಡಕ್ಕೆ ವರ್ಗ ಮಾಡಿದರು.

ಮುಂದಿನ ಎರಡು ವರ್ಷದಲ್ಲಿ ಏನು ಹೋಗಬೇಕೋ ಅದು ಹೋಯಿತು. ಇನ್‌ಲ್ಯಾಂಡ್ ಪತ್ರದಲ್ಲಿ ಅವರು ಬರೆದದ್ದು ನಾಲ್ಕೇ ಸಾಲು: ಪರೀಕ್ಷೆಯಲ್ಲಿ ಫೇಲಾದೆ, ಹೆಡ್‌ಫೋನ್ ವಾಪಸ್ ತೆಗೆದುಕೊಂಡರು, ನಿವೃತ್ತಿಗೆ ಬರೆದುಕೊಟ್ಟಿದ್ದೇನೆ, ನಿಮ್ಮ ಬ್ಯಾಂಕಿನಲ್ಲಿ ಗಾರ್ಡ್ ಕೆಲಸ ಇದ್ದರೆ ನೋಡಿ. ಬ್ಯಾಂಕಿನ ಬಂದೂಕಿನ ಕೆಲಸಕ್ಕೆ ನಿವೃತ್ತ ಸೈನಿಕರನ್ನೇ ತೆಗೆದುಕೊಳ್ಳುವುದು ವಾಡಿಕೆ. ನಾನು ಜೀವನದಲ್ಲಿ ಮಾಡಿದ ಒಂದೇ ಒಂದು ಶಿಫಾರಸು ಅದು. ಅದು ಫಲಿಸಿತು ಎನ್ನುವುದೇ ದುಃಖ. ನೀರಿನಾಳದ ಮೀನಿನ ಸದ್ದು ಹಿಡಿಯುತ್ತಿದ್ದವರು ನಮ್ಮ ಶಾಖೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತರು. "ಡ್ರಾಫ್ಟ್ ಕೌಂಟರ್ ಎಕ್ಕಡಂಡೀ?" ಎಂದು ಜನ ಕೇಳಿದರೆ ಅವರ ತುಟಿಯನ್ನೇ ನೋಡಿ, ಅಂದಾಜಿನ ಮೇಲೆ ಕೈ ತೋರಿಸುತ್ತಿದ್ದರು. ಅರ್ಧದಷ್ಟು ಜನ ಹೋಗಿ ಕಕ್ಕಸಿನ ಮುಂದೆ ನಿಲ್ಲುತ್ತಿದ್ದರು. ಹುಡುಗ ಗುಮಾಸ್ತರು ನಕ್ಕರು. ನಾನೂ ಒಮ್ಮೆ ನಕ್ಕೆ.

ಚೀಫ್ ಮಾತ್ರ ತಮ್ಮ ಕಿವಿಯನ್ನು ಬಿಟ್ಟುಕೊಡಲಿಲ್ಲ. "ಮಂದಿ ಬಾಯಿ ಬಿಟ್ಟು ಮಾತಾಡೂದ ಬಿಟ್ಟಾರ್ರಿ ಮ್ಯಾನೇಜರ್ರ. ಗೊಣಗ್ತಾರ." ಪಟಮಟದ ಅವರ ಮನೆಯಲ್ಲಿ ಪೆಟ್ಟಿಗೆ ಮತ್ತೆ ಹೊರಗೆ ಬಂತು. ಒತ್ತಿದೆ. ಎದುರು ಕೂತು ಕೂಗಿದರೂ ಅರ್ಧ ಮಾತು ಬಿಡುವ ಮನುಷ್ಯ ಹದಿನೆಂಟು ಸಾವಿರಕ್ಕೆ ಬೆರಳೆತ್ತಿದರು. ನನಗೆ ಕಣ್ಣು ತುಂಬಿ ಬಂತು. ಪವಾಡ ಎಂದೇ ತಿಳಿದೆ. ವಿಜಯವಾಡದ ಒಬ್ಬ ಕಿವಿ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಅವರು ನಮ್ಮ ಚಲನ್‌ಗಳನ್ನು ತಿರುವಿ ನೋಡಿ, "ಕೆಳಗಿನದು ಹೋಗಿ ಮೇಲಿನದು ಉಳಿಯೋದು ಅಂತ ಇಲ್ಲ ಸರ್. ಸುಮ್ಮನೆ ಕಿವಿಗೆ ಹಿಯರಿಂಗ್ ಮಶೀನು ಹಾಕಿಕೊಳ್ಳಲಿ, ಮಾತಾದರೂ ಕೇಳುತ್ತೆ" ಎಂದು ತೆಲುಗಿನಲ್ಲಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಕೂಗಿ ಹೇಳಿದೆ.

ಚೀಫ್ ಎದ್ದು ನಿಂತರು. "ಹದಿನೆಂಟು ಸಾವಿರದ ಕಿವಿಗೆ ಮಶೀನಾ? ಕೇಳ್ರಿ ಅವರ್ನ, ಅವರ ಕಿವಿ ಎಷ್ಟು ಸಾವಿರದ್ದು ಅಂತ." ಮತ್ತೆ ಯಾವ ಡಾಕ್ಟರ ಮೆಟ್ಟಿಲೂ ಹತ್ತಲಿಲ್ಲ. ನಾನೂ ಒತ್ತಾಯಿಸಲಿಲ್ಲ. ನನ್ನ ಕೈಬರಹದ ಸಾಕ್ಷ್ಯವಿತ್ತಲ್ಲ.

ಕೊನೆಕೊನೆಗೆ ಮನೆಯಲ್ಲಿ ಮಾತೇ ನಿಂತಿತು. ಮಗಳ ಮದುವೆ ತೆಲುಗಿನವರ ಮನೆಗೇ ಆಯಿತು. ಅವಳು ಫೋನ್ ಮಾಡಿದಾಗ ರಿಸೀವರ್ ಕಿವಿಗೆ ಹಿಡಿದು, "ಹೂಂ, ಹೂಂ" ಎನ್ನುತ್ತಿದ್ದರು. ಅತ್ತ ಅವಳು ಅಳುತ್ತಿದ್ದರೂ "ಹೂಂ". ಒಮ್ಮೆ ನಾವೆಲ್ಲ ಇಂದ್ರಕೀಲಾದ್ರಿ ಬೆಟ್ಟದ ದೇವಿ ಗುಡಿಗೆ ಹೋಗಿದ್ದೆವು. ಜನ ಗಂಟೆ ಹೊಡೆದು ಮುಂದೆ ಹೋಗುತ್ತಿದ್ದರು. ಅವರು ಹೊಡೆದು, ಕೈಯನ್ನು ಗಂಟೆಯ ಮೇಲೆಯೇ ಬಹಳ ಹೊತ್ತು ಇಟ್ಟುಕೊಂಡು ನಿಂತರು. ಹಿಂದಿನವರು ರೇಗುವ ತನಕ. ರೇಗಿದ್ದೂ ಅವರಿಗೆ ಕೇಳಿಸಲಿಲ್ಲ. ಹೆಂಡತಿ ತೋಳು ಹಿಡಿದು ಎಳೆದರು.

ಹೃದಯಾಘಾತ. ಮಧ್ಯಾಹ್ನದ ಹೊತ್ತು, ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಅವರು ಏನಾದರೂ ಕೂಗಿದ್ದರೆ ಆಕೆಗೆ ಕೇಳಿಸುತ್ತಿತ್ತು, ಕೂಗಲಿಲ್ಲ. ತಮ್ಮ ದನಿ ತಮಗೇ ಕೇಳದವರು ಕೂಗುವುದನ್ನೂ ಮರೆಯುತ್ತಾರೋ ಏನೋ. ಹದಿಮೂರನೆಯ ದಿನದ ಊಟ ಮುಗಿಸಿ ಹೊರಟವನ ಕೈಗೆ ಆಕೆ ಬಟ್ಟೆಯಲ್ಲಿ ಸುತ್ತಿದ ಪೆಟ್ಟಿಗೆ ಕೊಟ್ಟರು.

"ನೀವಽ ಒಯ್ರಿ ಅಣ್ಣಾರ. ಇದರ ಮ್ಯಾಲೆ, ನಿಮ್ಮ ಮ್ಯಾಲೆ ಭಾಳ ಇಶ್ವಾಸ ಇತ್ತು ಅವರಿಗೆ. ನಾನಽ ಸುಮ್ಮ ಅನುಮಾನ ಪಟ್ಟೆ."

ಹೋದ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ತರಕಾರಿಗೆ ಹೋಗಿದ್ದಳು. ಮೇಜಿನ ಮೇಲೆ ಪೆಟ್ಟಿಗೆಯಿಟ್ಟು, ಪ್ಲಗ್ ಹಾಕಿ, ಮೊಟ್ಟಮೊದಲ ಬಾರಿಗೆ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿಕೊಂಡೆ. ಸತ್ತವರ ನೆನಪಿಗೆ ಅಷ್ಟಾದರೂ ಧೈರ್ಯ ಮಾಡಬೇಕು ಅನ್ನಿಸಿತ್ತು. ಎಂಟು ಸಾವಿರ, ಸಣ್ಣಗೆ ಕೇಳಿಸಿತು. ಹತ್ತು, ಇನ್ನೂ ಸಣ್ಣಗೆ. ಹನ್ನೆರಡಕ್ಕೆ ದನಿ ಇಲ್ಲ, ಆದರೆ ಏನೋ ಇತ್ತು. ಹದಿನಾರಕ್ಕೂ ಇತ್ತು. ತಿರುಪನ್ನು ಕೊನೆಗೆ ಮುಟ್ಟಿಸಿ ಒತ್ತಿದೆ. ಇತ್ತು. ಐವತ್ತು ದಾಟಿದ, ಸಕ್ಕರೆ ಕಾಯಿಲೆಯ, ಹೆಂಡತಿ ಕರೆದದ್ದನ್ನು ಮೂರನೆಯ ಸಲಕ್ಕೆ ಕೇಳಿಸಿಕೊಳ್ಳುವ ನನಗೂ ಹದಿನೆಂಟು ಸಾವಿರ! ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಕ್ಷಣ ಸಂತೋಷವಾಯಿತು.

ಆಮೇಲೆ ಜೋರಿನ ತಿರುಪನ್ನು ಪೂರ್ತಿ ಹಿಂದಕ್ಕೆ, ಸೊನ್ನೆಗೆ ತಂದೆ. ಈಗ ಪೆಟ್ಟಿಗೆಯಿಂದ ಯಾವ ದನಿಯೂ ಬರುವಂತಿರಲಿಲ್ಲ. ಬೆಲ್ಲಿನ ಸ್ವಿಚ್ಚನ್ನು ಮೆಲ್ಲಗೆ ಒತ್ತಿದೆ.

ಒಳಗೆ ತಾಮ್ರಕ್ಕೆ ತಾಮ್ರ ತಾಗಿ, ತಂತಿಯಲ್ಲಿ ಹಾದು, ಸೂಜಿ ಮುಟ್ಟಿಸಿ ತೆಗೆದ ಹಾಗೆ ಕಿವಿಗೆ ಬಂತು: ಟಿಕ್.